ನಿಮಗಿದು ಗೊತ್ತೆ? ಗುಂಡ್ಲುಪೇಟೆಗೆ ಹತ್ತಿ ಬರುವ ಕಪಿಲೆ

ಗುಂಡ್ಲುಪೇಟೆ ತಾಲ್ಲೂಕಿನ ಕೆಲವು ಕೆರೆಗಳಿಗೆ ಹೊಳೆಯ ನೀರು ಇಳಿದು ಬರುವುದಿಲ್ಲ, ಹತ್ತಿ ಬರುತ್ತದೆ!

1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಗುಂಡ್ಲು ಹೊಳೆ ಉತ್ತರಕ್ಕೆ ಹರಿದು ನಂಜನಗೂಡಿನಲ್ಲಿ ಕಪಿಲಾ ನದಿಯನ್ನು ಸೇರುತ್ತದೆ. ಕೌಂಡಿನ್ಯ ಎಂದರೂ ಈ ಗುಂಡ್ಲು ಹೊಳೆಯೇ. ಬೆಟ್ಟದ ನೆತ್ತಿ ಮಂಜಿನಲ್ಲಿ ತೊಯ್ದಿದ್ದರೂ ಕೆಳಗಿನ ಬಯಲಿಗೆ ಮಳೆ ಕಡಿಮೆ. ವರ್ಷದ ಬಹುಕಾಲ ಹೊಳೆಯಲ್ಲಿ ಬರೀ ಮರಳು, ಮುಳ್ಳುಗಿಡ.

ಹಾಗಾಗಿ ಹೊಳೆ ಇಳಿದು ಹೋದ ದಿಕ್ಕಿಗೆ ಎದುರಾಗಿ ಈಗ ಪೈಪುಗಳು ಏರಿವೆ. ಆಲಂಬೂರು ಏತ ಯೋಜನೆಯಲ್ಲಿ ಕಪಿಲೆಯ ನೀರನ್ನು ಪಂಪ್‌ಗಳಿಂದ ಎತ್ತಿ ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ನಂಜನಗೂಡಿಗಿಂತ ಗುಂಡ್ಲುಪೇಟೆ ಸುಮಾರು 150 ಮೀಟರ್ ಎತ್ತರದಲ್ಲಿದೆ. ಒಂದೇ ಏಟಿಗೆ ಅಷ್ಟು ಎತ್ತುವುದು ಕಷ್ಟ. ಹುತ್ತೂರು ಕೆರೆ ನಡುವಿನ ತಂಗುದಾಣ. ಅಲ್ಲಿಂದ ಮತ್ತೆ ಪಂಪ್ ಮಾಡಿದರೆ ನೀರು ವಡ್ಡಗೆರೆ ಕೆರೆಯತ್ತ ಏರುತ್ತದೆ. ಕರೆಂಟ್ ಕೈಕೊಟ್ಟರೆ ಪೈಪೂ ಖಾಲಿ.

ಇಷ್ಟು ದುಬಾರಿ ನೀರಿನ ಮುಖ್ಯ ಕೆಲಸ ಗದ್ದೆಗೆ ಹರಿಯುವುದಲ್ಲ, ಕೆರೆಯಂಗಳದಲ್ಲೇ ಇಂಗುವುದು. ಅಂತರ್ಜಲ ಏರಿದಾಗ ಸುತ್ತಲಿನ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಮರಳುತ್ತದೆ. ಅರಿಸಿನ, ಬಾಳೆ ಬೆಳೆಯುವ ಇಲ್ಲಿನ ರೈತರು ಕೆರೆ ತುಂಬಿಸಿ ಎಂದು ಬೀದಿಗಿಳಿಯುವುದು ಇದಕ್ಕೇ.