ಚಿಮ್ಮಂಡೆಯ ಹಾಡು ಮತ್ತು ಹೆಸರು

ಮಳೆಗಾಲದಲ್ಲಿ ಕತ್ತಲು ಕವಿಯುತ್ತಿದ್ದಂತೆ ಹಿತ್ತಿಲ ಹುಲ್ಲಿನಿಂದಲೂ ಗೋಡೆಯ ಬಿರುಕಿನಿಂದಲೂ ಕಿರ್ರೆಂಬ ಸದ್ದು ಏಳುವುದನ್ನು ಕೇಳದವರು ವಿರಳ. ಈ ಸದ್ದು ಮಾಡುವ ಕೀಟವೇ ಚಿಮ್ಮಂಡೆ. ಕೆಲವು ಕಡೆ ಇದನ್ನು ಜೀರುಂಡೆಯೆಂದೂ ಕರೆಯುವರು. ಗಿಡಮರಗಳ ಮೇಲೆ ಎಲೆಯಂತೆಯೇ ಹಸಿರಾಗಿ ಅಡಗಿ ಕುಳಿತು ಹಾಡುವ ನೀಳಮೀಸೆಯ ಮಿಡತೆಗಳು ಇದರ ಹತ್ತಿರದ ನೆಂಟರು. ಈ ಎರಡು ಬಳಗಗಳಲ್ಲಿಯೂ ಸಾಮಾನ್ಯವಾಗಿ ಹಾಡುವುದು ಗಂಡು, ಅದೂ ಬಾಯಿಯಿಂದಲ್ಲ. ಮುಂದಿನ ರೆಕ್ಕೆಯೊಂದರ ಅಡಿಯಲ್ಲಿ ಅರದ ಹಲ್ಲುಗಳಂತಹ ಸಾಲೊಂದಿದೆ. ಇನ್ನೊಂದು ರೆಕ್ಕೆಯ ಅಂಚು ಅದಕ್ಕೆ ಉಜ್ಜಿದಾಗ ಧ್ವನಿ ಹುಟ್ಟುತ್ತದೆ. ಅದನ್ನು ಕೇಳುವ ಕಿವಿಯಾದರೋ ಮುಂಗಾಲಿನಲ್ಲಿದೆ!

ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ಪ್ರಾಣಿಲೋಕದಲ್ಲಿ ನೆಲೆಗೊಳಿಸಿದ ಲಿನೀಯಸನ ಗ್ರಂಥ 1758ರಲ್ಲಿ ಹೊರಬಂದಿತು. ಮೊದಲನೆಯದು ಕುಲದ ಹೆಸರು, ಎರಡನೆಯದು ಪ್ರಭೇದದ್ದು. ಹೊಸ ಪ್ರಭೇದವೊಂದನ್ನು ಕಂಡವನು ಅದರ ಲಕ್ಷಣಗಳನ್ನು ವಿವರಿಸಿ, ಹೆಸರಿಟ್ಟು, ಪ್ರಕಟಿಸಬೇಕು. ಜೊತೆಗೆ ಒಂದು ಕೀಟವನ್ನು ಆ ಹೆಸರಿನ ಮಾದರಿಯೆಂದು ಗೊತ್ತುಮಾಡಿ ವಸ್ತುಸಂಗ್ರಹಾಲಯದಲ್ಲಿ ಇರಿಸುವುದು ರೂಢಿ. ಮುಂದೆ ಸಂದೇಹ ಬಂದರೆ ಸಾಕ್ಷಿ ಹೇಳಬೇಕಾದುದು ಆ ಮಾದರಿಯೇ. ಅಲ್ಲಿ ಸೂಜಿಗೆ ಚುಚ್ಚಿದ ಕೀಟದ ಬಣ್ಣ, ಅಳತೆ, ಕಾಲಿನ ಮುಳ್ಳು, ರೆಕ್ಕೆಯ ಹಲ್ಲುಗಳ ಸಂಖ್ಯೆ ಎಲ್ಲವನ್ನೂ ನೋಡಬಹುದು. ಆದರೆ ಸತ್ತ ಕೀಟ ಹಾಡುವುದಿಲ್ಲ. ಈ ಸಣ್ಣ ಸಂಗತಿಯಿಂದ ಅಮೆರಿಕದ ವಿಜ್ಞಾನಿಗಳು ಹಲವು ವರ್ಷಗಳ ಕಾಲ ದಾರಿ ತಪ್ಪಿದರು.

ಅಮೆರಿಕದ ಹೊಲಗಳಲ್ಲಿ ಕಪ್ಪು ಮೈಯ ಚಿಮ್ಮಂಡೆಗಳು ಹೇರಳ. ಅವುಗಳಿಗೆ ಒಬ್ಬೊಬ್ಬರು ಒಂದೊಂದು ಹೆಸರನ್ನಿಟ್ಟು ಗೊಂದಲವೇ ಆಗಿತ್ತು. 1915ರಲ್ಲಿ ರೆನ್ ಮತ್ತು ಹೆಬಾರ್ಡ್ ಎಂಬ ಇಬ್ಬರು ಪಂಡಿತರು ಸಂಗ್ರಹದ ಕೀಟಗಳನ್ನು ಪರೀಕ್ಷಿಸಿ, ಇವೆಲ್ಲವೂ ಒಂದೇ ಪ್ರಭೇದವೆಂದು ತೀರ್ಪಿತ್ತರು. ಅವರನ್ನು ದೂಷಿಸಲಾಗದು. ಕಣ್ಣಿಗೆ ಕಂಡುದನ್ನು ಅವರು ಪ್ರಾಮಾಣಿಕವಾಗಿಯೇ ಹೇಳಿದ್ದರು. ಮೇಜಿನ ಮೇಲಿದ್ದ ಕೀಟಗಳು ನಿಜವಾಗಿಯೂ ಒಂದನ್ನೊಂದು ಹೋಲುತ್ತಿದ್ದವು.

ಆದರೆ ಉತ್ತರ ಕೆರೊಲಿನದಲ್ಲಿ ಫುಲ್ಟನ್ ಎಂಬ ಕೀಟವಿಜ್ಞಾನಿಯ ಕಿವಿ ಇದಕ್ಕೆ ಒಪ್ಪಲಿಲ್ಲ. ಕಾಡಿನ ಚಿಮ್ಮಂಡೆಯ ಹಾಡು ಒಂದು ಬಗೆ, ಕಡಲತೀರದ ಮರಳಿನದು ಮತ್ತೊಂದು ಬಗೆ. ಇನ್ನೊಂದು ಕೀಟವು ನಡುವೆ ತಡೆಯದೆ ಒಂದೇ ಸಮನೆ ಕಂಪಿಸುವ ಸ್ವರದಲ್ಲಿ ಹಾಡುತ್ತಿತ್ತು. ಅವನು ಅವುಗಳನ್ನು ಪ್ರಯೋಗಶಾಲೆಯಲ್ಲಿ ಸಾಕಿ, ಬೇರೆ ಬೇರೆ ಹಾಡಿನವನ್ನು ಕೂಡಿಸಲು ಪ್ರಯತ್ನಿಸಿದನು. ಸಂತಾನವಾಗಲಿಲ್ಲ. ಒಂದರೊಡನೊಂದು ಕೂಡಿ ವಂಶ ಬೆಳೆಸದ ಜೀವಿಗಳನ್ನು ಒಂದೇ ಪ್ರಭೇದವೆನ್ನುವುದು ಹೇಗೆ? 1952ರಲ್ಲಿ ಅವನು ಪ್ರಕಟಿಸಿದ ಲೇಖನವು ಅಲ್ಲಿ ನಾಲ್ಕು ಬೇರೆ ಬೇರೆ ಸಮುದಾಯಗಳಿವೆಯೆಂದು ತೋರಿಸಿತು. 1957ರಲ್ಲಿ ಅಲೆಕ್ಸಾಂಡರ್ ಎಂಬ ವಿದ್ವಾಂಸನು ಪೂರ್ವ ಅಮೆರಿಕದ ಚಿಮ್ಮಂಡೆಗಳನ್ನು ಹಾಡಿನ ಸಹಾಯದಿಂದ ಪುನಃ ವರ್ಗೀಕರಿಸಿ, ಕಾಡಿನ ಒಂದು ಚಿಮ್ಮಂಡೆಗೆ ಫುಲ್ಟನಿ ಎಂದು ಹೆಸರಿಟ್ಟನು.

ಹಾಡಿಗೆ ಇಷ್ಟು ಬೆಲೆ ಏಕೆ? ಹೆಣ್ಣು ತನ್ನ ಪ್ರಭೇದದ ಗಂಡನ್ನು ಕತ್ತಲಿನಲ್ಲಿ ಹುಡುಕುವುದು ಹಾಡಿನಿಂದಲೇ. ರೇಗೆನ್ ಎಂಬ ವಿಜ್ಞಾನಿಯು 1913ರಲ್ಲಿ ಗಂಡಿನ ಹಾಡನ್ನು ಟೆಲಿಫೋನಿನ ಮೂಲಕ ಹೆಣ್ಣಿಗೆ ಕೇಳಿಸಿದಾಗ, ಅದು ಟೆಲಿಫೋನಿನ ಕಡೆಗೇ ನಡೆದುಹೋಯಿತು! ಹಾಡು ಬೇರೆಯಾದರೆ ಜೋಡಿ ಬೇರೆ, ವಂಶವೂ ಬೇರೆ.

ಹಾಗೆಂದು ಹಾಡೊಂದನ್ನೇ ನಂಬುವಂತೆಯೂ ಇಲ್ಲ. ಸೆಕೆ ಹೆಚ್ಚಿದಂತೆ ಚಿಮ್ಮಂಡೆಯ ಹಾಡಿನ ವೇಗ ಹೆಚ್ಚುತ್ತದೆ, ಚಳಿಯಲ್ಲಿ ಕುಗ್ಗುತ್ತದೆ. ಆದುದರಿಂದ ಧ್ವನಿಮುದ್ರಣ ಮಾಡುವವರು ಆ ಹೊತ್ತಿನ ಉಷ್ಣತೆಯನ್ನೂ ಬರೆದಿಡಬೇಕು. ಇದಕ್ಕಿಂತ ಕಠಿನವಾದ ಒಗಟೊಂದು 1960ರಲ್ಲಿ ಬಿಡಿಸಲ್ಪಟ್ಟಿತು. ಒಂದೇ ಹೊಲದ ಎರಡು ಚಿಮ್ಮಂಡೆಗಳಲ್ಲಿ ರೂಪವೂ ಒಂದೇ, ಹಾಡೂ ಒಂದೇ. ಆದರೆ ಒಂದು ಚಳಿಗಾಲವನ್ನು ಮರಿಯಾಗಿ ಕಳೆದು ವಸಂತದಲ್ಲಿ ಹಾಡುತ್ತದೆ. ಇನ್ನೊಂದು ಮೊಟ್ಟೆಯಾಗಿ ಕಳೆದು ಬೇಸಗೆಯ ಕೊನೆಯಲ್ಲಿ ಹಾಡಲು ತೊಡಗುತ್ತದೆ. ಅಲೆಕ್ಸಾಂಡರ್ ಮತ್ತು ಬಿಗೆಲೊ ಇವೆರಡನ್ನೂ ಬೇರೆ ಪ್ರಭೇದಗಳೆಂದು ಸಾರಿ, ವಸಂತದ ಚಿಮ್ಮಂಡೆಗೆ ಹೊಸ ಹೆಸರನ್ನಿತ್ತರು.

ಈ ಕೆಲಸ ಇನ್ನೂ ಮುಗಿದಿಲ್ಲ. 2019ರಲ್ಲಿ ವೈಸ್‌ಮನ್ ಮತ್ತು ಗ್ರೇ ಎಂಬುವರು ಹಾಡು, ಋತು, ವಾಸಸ್ಥಳ ಇವುಗಳೊಡನೆ ಡಿಎನ್ಎ ಪರೀಕ್ಷೆಯನ್ನೂ ಸೇರಿಸಿ, ಇದೇ ಕುಲದ 17 ಹೊಸ ಪ್ರಭೇದಗಳನ್ನು ಅಮೆರಿಕದಿಂದ ವರ್ಣಿಸಿದರು. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕುದುರೆಮುಖದ ಕಾಡಿನಲ್ಲಿ ರಾತ್ರಿಯ ಹೊತ್ತು ಚಿಮ್ಮಂಡೆಗಳ ಹಾಡನ್ನು ಮುದ್ರಿಸಿಕೊಂಡು ಅಧ್ಯಯನ ಮಾಡಿದ್ದಾರೆ.

ಹಳೆಯ ಸಂಗ್ರಹಗಳ ಪಾಡು ಮಾತ್ರ ಕಷ್ಟದ್ದು. ಅಲ್ಲಿಯ ಎಷ್ಟೋ ಚಿಮ್ಮಂಡೆಗಳ ಕೆಳಗೆ ಹಿಡಿದ ಊರಿನ ಹೆಸರೂ ತಾರೀಖೂ ಮಾತ್ರ ಇವೆ. ಅವು ಬದುಕಿದ್ದಾಗ ಹೇಗೆ ಹಾಡುತ್ತಿದ್ದವೆಂದು ಬರೆದಿಟ್ಟವರಿಲ್ಲ.