14.21 ಸೆಕೆಂಡಿನ ಓಟ ಮತ್ತು ನಮ್ಮೂರ ಮಾತುಗಳು

2024ರ ಆಗಸ್ಟ್ 30ರಂದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರೀತಿ ಪಾಲ್ 100 ಮೀಟರ್ ಓಟವನ್ನು 14.21 ಸೆಕೆಂಡಿನಲ್ಲಿ ಮುಗಿಸಿ ಕಂಚು ಗೆದ್ದರು. ಎರಡು ದಿನ ಬಿಟ್ಟು 200 ಮೀಟರ್‌ನಲ್ಲಿ 30.01 ಸೆಕೆಂಡು, ಮತ್ತೊಂದು ಕಂಚು. ಪ್ಯಾರಾಲಿಂಪಿಕ್ಸ್‌ನ ಟ್ರ್ಯಾಕ್ ಓಟದಲ್ಲಿ ಭಾರತಕ್ಕೆ ಪದಕ ಬಂದಿದ್ದು ಅದೇ ಮೊದಲು. ಅವರಿಗಿರುವುದು ಸೆರೆಬ್ರಲ್ ಪಾಲ್ಸಿ. ಹೊಸಪೇಟೆಯ ಚಹಾ ಅಂಗಡಿಯಲ್ಲಿ ಮೊಬೈಲ್ ಹಿಡಿದು ಆ ಓಟ ನೋಡುತ್ತಿದ್ದವರು ಆಡಿದ ಮಾತುಗಳಲ್ಲಿ ಮೆಚ್ಚುಗೆ ಇತ್ತು, ಅದರ ಜೊತೆ ತಪ್ಪೂ ಇತ್ತು.

"ಪಾಪ, ಪೋಲಿಯೋ ಆಗೈತೆ ಆಕಿಗೆ"

ಕಾಲು ಎಳೆದು ನಡೆದರೆ ಪೋಲಿಯೋ ಅನ್ನುವುದು ನಮ್ಮ ಹಳೆಯ ಅಭ್ಯಾಸ. ಪೋಲಿಯೋ ವೈರಾಣು ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆ, ಆಗ ಕಾಲು ಸೋತು ಜೋತುಬೀಳುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ, ಅದರಲ್ಲಿ ಹೆಚ್ಚಿನವರ ಕಾಲು ಸೆಟೆದು ಬಿಗಿಯಾಗುತ್ತದೆ. ಹಂಪಿ ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೀವು ನೋಡಿರುತ್ತೀರಿ. ಗೋಪುರ ನೆಟ್ಟಗೇ ನಿಂತಿದೆ, ಕಿಂಡಿ ದಾಟಿ ಬರುವಾಗ ಬೆಳಕಷ್ಟೇ ಮಗುಚಿಕೊಂಡಿದೆ. ಇಲ್ಲೂ ಹುಟ್ಟುವಾಗ ಕಾಲು ಸರಿಯಾಗಿಯೇ ಇರುತ್ತದೆ. ಅದಕ್ಕೆ ಬರುವ ಅಪ್ಪಣೆ ದಾರಿಯಲ್ಲಿ ಕೆಡುತ್ತದೆ.

"ಬಸುರಾಗಿದ್ದಾಗ ತಾಯಿ ಗ್ರಹಣದಾಗ ಹೊರಗ ಬಂದಿದ್ಲು"

ಈ ಮಾತಿನ ಭಾರ ಹೊರುವವಳು ಯಾವಾಗಲೂ ತಾಯಿ, ಹೀಗಾಗಿ ನನಗೆ ಇದರ ಮೇಲೆ ಸಿಟ್ಟು ಜಾಸ್ತಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಗುಣವಾಗುತ್ತದೆ ಎಂಬ ನಂಬಿಕೆ. ಆ ಹೆತ್ತವರನ್ನು ಕ್ರೂರಿಗಳು ಎನ್ನಲಾರೆ, ಕೈಯಲ್ಲಿದ್ದ ಬೇರೆಲ್ಲ ದಾರಿ ಮುಗಿದವರು ಅವರು.

ನಿಜವಾದ ಕಾರಣಗಳು ನೆಲದ ಮೇಲೇ ಇವೆ. ದಿನ ತುಂಬದೆ ಹುಟ್ಟುವುದು, ತೂಕ ತೀರಾ ಕಡಿಮೆ ಇರುವುದು, ಹೆರಿಗೆ ಹೊತ್ತಿನಲ್ಲಿ ಮಿದುಳಿಗೆ ಆಮ್ಲಜನಕ ಸಾಲದಿರುವುದು, ಗರ್ಭದಲ್ಲೋ ಹುಟ್ಟಿದ ಮೇಲೋ ತಗಲುವ ಸೋಂಕು. ಇನ್ನೊಂದು, ನವಜಾತ ಶಿಶುವಿನ ಕಾಮಾಲೆ. ಅದು ವಿಪರೀತಕ್ಕೆ ಹೋದರೆ ಹಳದಿ ವಸ್ತು ಮಿದುಳಿನೊಳಗೆ ಇಳಿದು, ಕೈಕಾಲು ತಾವಾಗಿ ತಿರುಚಿಕೊಳ್ಳುವ ಬಗೆಯ ಸೆರೆಬ್ರಲ್ ಪಾಲ್ಸಿ ಬರುತ್ತದೆ. ಆಸ್ಪತ್ರೆಯ ನೀಲಿ ದೀಪದ ಕೆಳಗೆ ಕೆಲವು ದಿನ ಮಲಗಿಸಿದರೆ ಬಹುಪಾಲು ತಪ್ಪುವ ಅನಾಹುತ ಇದು. ನಮ್ಮ ಕಡೆ ಮಾತ್ರ ಇನ್ನೂ ಅಲ್ಲಲ್ಲಿ ಕೂಸಿನ ಹೊಟ್ಟೆಗೆ ಚುಟಿಗೆ ಹಾಕುತ್ತಾರೆ. ಮಗುವಿಗೆ ಸುಟ್ಟ ಗಾಯವೂ ಆಗುತ್ತದೆ, ಚಿಕಿತ್ಸೆಯ ಹೊತ್ತೂ ಮೀರುತ್ತದೆ.

"ಮಾತು ತೊದಲ್ತೈತೆ, ಬುದ್ಧಿ ಬೆಳೆದಿಲ್ಲ"

ಬಾಯಿಯ ಸ್ನಾಯುವೂ ಸ್ನಾಯುವೇ, ಅದೂ ಬಿಗಿಯುತ್ತದೆ. ಈ ಸ್ಥಿತಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬುದ್ಧಿಶಕ್ತಿಯ ತೊಂದರೆ ಇರುವುದಿಲ್ಲ. ಅಂದ ಹಾಗೆ, ಬೌದ್ಧಿಕ ನ್ಯೂನತೆ ಇರುವವರಿಗಾಗಿಯೇ ನಡೆಯುವ ಸ್ಪೆಷಲ್ ಒಲಿಂಪಿಕ್ಸ್ ಬೇರೆ, ಪ್ಯಾರಾಲಿಂಪಿಕ್ಸ್ ಬೇರೆ.

"ಜೋರು ಮಾಡಿಸಿದ್ರೆ ನರ ಇನ್ನೂ ಬಿಗೀತಾವು"

ಇದನ್ನು ಓದು ಬರಹ ಇಲ್ಲದವರ ಮಾತು ಎಂದುಕೊಳ್ಳಬೇಡಿ. ಒಂದು ಕಾಲದಲ್ಲಿ ಚಿಕಿತ್ಸಕರೇ ಹೀಗೆ ನಂಬಿದ್ದರು. ಬಿಗಿದ ಸ್ನಾಯುವಿಗೆ ಬಲದ ವ್ಯಾಯಾಮ ಕೊಡಬಾರದು, ಎಳೆದು ಸಡಿಲಿಸಿದರೆ ಸಾಕು ಅನ್ನುತ್ತಿದ್ದರು. ಈಗ ಆ ಅಭಿಪ್ರಾಯ ಬಿದ್ದುಹೋಗಿದೆ. ಬಿಗಿಯಾದ ಸ್ನಾಯುವೇ ದುರ್ಬಲವೂ ಆಗಿರುತ್ತದೆ, ಅದಕ್ಕೆ ಬಲ ಬೇಕು. ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ, ಬಳಸದ ಸ್ನಾಯು ಅದರ ಜೊತೆ ಹಿಗ್ಗುವುದಿಲ್ಲ. ಮಿದುಳಿನ ಪೆಟ್ಟು ಇದ್ದಷ್ಟೇ ಇರುತ್ತದೆ, ಕಾಲು ಮಾತ್ರ ವರ್ಷ ವರ್ಷ ಸೊಟ್ಟಗಾಗುತ್ತದೆ. ಮನೆಯವರಿಗೆ ಕಾಯಿಲೆ ಏರಿತು ಅನಿಸುತ್ತದೆ. ಏರಿದ್ದು ಕಾಯಿಲೆಯಲ್ಲ, ಮಗುವನ್ನು ಕೂರಿಸಿಟ್ಟ ವರ್ಷಗಳು.

ಓಟಗಾರ್ತಿಯ ಪಾಡು ಇನ್ನೂ ಸೂಕ್ಷ್ಮ. ಓಡುವಾಗ ತೊಡೆಯ ಮುಂದಿನ ಸ್ನಾಯು ಎಳೆಯುವ ಹೊತ್ತಿಗೆ ಹಿಂದಿನದು ಬಿಟ್ಟುಕೊಡಬೇಕು. ಸೆರೆಬ್ರಲ್ ಪಾಲ್ಸಿಯಲ್ಲಿ ಎರಡೂ ಒಟ್ಟಿಗೆ ಹಿಡಿಯುತ್ತವೆ, ಬ್ರೇಕ್ ಒತ್ತಿಕೊಂಡೇ ಬೈಕಿನ ಕಿವಿ ಹಿಂಡಿದ ಹಾಗೆ. ಅಷ್ಟೇ ದೂರಕ್ಕೆ ದೇಹ ಹೆಚ್ಚು ಶಕ್ತಿ ತೆರುತ್ತದೆ.

"ಅಂಗವಿಕಲರ ಓಟ ಅಂದ್ರ ಎಲ್ಲಾರ್ಗೂ ಒಂದೊಂದು ಪದಕ"

ಸೆರೆಬ್ರಲ್ ಪಾಲ್ಸಿ ಮತ್ತು ಅದನ್ನು ಹೋಲುವ ತೊಂದರೆಯವರಿಗೆ ಟಿ31ರಿಂದ ಟಿ38ರವರೆಗೆ ಎಂಟು ವರ್ಗ. 34ರವರೆಗೆ ಗಾಲಿಕುರ್ಚಿ, 35ರಿಂದ ಓಟ. ಪ್ರೀತಿಯವರದು ಟಿ35, ಓಡುವವರ ಪೈಕಿ ಹೆಚ್ಚು ತೀವ್ರ ತೊಂದರೆಯ ವರ್ಗ. ತಜ್ಞರು ಸ್ನಾಯುವಿನ ಬಿಗಿತ ಪರೀಕ್ಷಿಸಿ, ಓಡಿಸಿ ನೋಡಿ ವರ್ಗ ಕೊಡುತ್ತಾರೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಒಬ್ಬ ಡಿಸ್ಕಸ್ ಎಸೆತಗಾರರು ತಮ್ಮ ವಿಭಾಗದ ಇಂಥದ್ದೇ ವರ್ಗೀಕರಣದಲ್ಲಿ ಅನರ್ಹರೆನಿಸಿ ಗೆದ್ದ ಕಂಚನ್ನೇ ಕಳೆದುಕೊಂಡರು. ಇನ್ನು ಪೈಪೋಟಿಯ ಮಾತು: ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಚೀನಾದ ಝೌ ಶಿಯಾ 13.58 ಸೆಕೆಂಡಿನಲ್ಲಿ ಗುರಿ ಮುಟ್ಟಿದರು, ಅದಕ್ಕೂ ಮೊದಲು ಟೋಕಿಯೊದಲ್ಲಿ 13.00 ಓಡಿ ವಿಶ್ವದಾಖಲೆ ಮಾಡಿದ್ದರು. ನಮ್ಮ ತಾಲ್ಲೂಕು ಕ್ರೀಡಾಕೂಟದ ಹುಡುಗಿಯರ ಪಕ್ಕ ಇಟ್ಟು ನೋಡಬೇಕಾದ ಸಮಯ ಅದು.

"ದೇವರ ಪವಾಡ"

ಹುಲಿಗೆಮ್ಮನಿಗೆ ಹರಕೆ ಹೊರುವವರನ್ನು ನಾನು ತಡೆಯುವುದಿಲ್ಲ. ಆದರೆ ಲೆಕ್ಕ ನೋಡಿ. ಪ್ರೀತಿ 2000ದಲ್ಲಿ ಉತ್ತರಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯಲ್ಲಿ ಹುಟ್ಟಿದವರು, ಕಂಪ್ಲಿಯಂತೆ ಅದೂ ಕಬ್ಬಿನ ಸೀಮೆ. ಹುಟ್ಟಿ ಆರೇ ದಿನಕ್ಕೆ ಕಾಲಿಗೆ ಪ್ಲಾಸ್ಟರ್, ಐದನೇ ವಯಸ್ಸಿನಿಂದ ಎಂಟು ವರ್ಷ ಕ್ಯಾಲಿಪರ್. ಹದಿನೇಳರಲ್ಲಿ ಮೊಬೈಲಿನಲ್ಲಿ ಪ್ಯಾರಾಲಿಂಪಿಕ್ಸ್ ದೃಶ್ಯ ಕಂಡರು. ಇಂಥ ಕ್ರೀಡೆ ಇದೆಯೆಂದು ದಾರಿ ತೋರಿದ್ದು ಇನ್ನೊಬ್ಬ ಪ್ಯಾರಾ ಅಥ್ಲೀಟ್ ಫಾತಿಮಾ ಖಾತೂನ್. ಆಮೇಲೆ ದೆಹಲಿಯಲ್ಲಿ ಗಜೇಂದ್ರ ಸಿಂಗ್ ಬಳಿ ತರಬೇತಿ. ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಎರಡೂ ಓಟದಲ್ಲಿ ನಾಲ್ಕನೇ ಸ್ಥಾನ, ಬರಿಗೈ. ಅಲ್ಲಿಂದ ಪ್ಯಾರಿಸ್, ಬಳಿಕ ಅರ್ಜುನ ಪ್ರಶಸ್ತಿ, 2025ರಲ್ಲಿ ದೆಹಲಿಯ ವಿಶ್ವ ಕೂಟದಲ್ಲಿ 100 ಮೀಟರ್‌ಗೆ ಬೆಳ್ಳಿ. ಈ ಪಟ್ಟಿಯಲ್ಲಿ ಪವಾಡಕ್ಕೆ ಜಾಗವೆಲ್ಲಿ?

"ನಮ್ಮೂರಾಗ ಇದೆಲ್ಲ ಎಲ್ಲಿ ಆಗ್ತದ?"

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೇ ದೇಶದ ದೊಡ್ಡ ಕ್ರೀಡಾ ಸಂಸ್ಥೆಯೊಂದು 2018ರಿಂದ ಇದೆ. ಆದರೆ ಕೆಲಸ ಶುರುವಾಗಬೇಕಾದದ್ದು ಅಲ್ಲಲ್ಲ, ಅಂಗನವಾಡಿಯಲ್ಲಿ. ಎಂಟು ತಿಂಗಳಾದರೂ ಆಸರೆಯಿಲ್ಲದೆ ಕೂರದ ಕೂಸು, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವ ಕೂಸು ಕಂಡರೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು ಎಂಬುದು ನಿಯಮ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಗುರುತಿನ ಚೀಟಿಗೂ ಸೌಲಭ್ಯಕ್ಕೂ ಅವರನ್ನೇ ಹಿಡಿಯಬೇಕು.

ಮತ್ತೆ ಶಾಲೆಯ ಆಟದ ದಿನ. ಕಾಲು ಎಳೆಯುವ ಹುಡುಗನನ್ನು ಮರದ ಕೆಳಗೆ ಕೂರಿಸಿ, ಓಡುವವರ ಚಪ್ಪಲಿ, ಚೀಲ ಕಾಯಲು ಹೇಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಟಿ35 ಓಟದಲ್ಲಿ ಬಗ್ಗಿ, ಬ್ಲಾಕ್‌ಗೆ ಕಾಲು ಕೊಟ್ಟೇ ಹೊರಡಬೇಕೆಂಬ ಕಡ್ಡಾಯವಿಲ್ಲ, ನಿಂತೇ ಹೊರಡಬಹುದು. ಬಿಳಿ ಪುಡಿಯಲ್ಲಿ ಇನ್ನೊಂದು ಗೆರೆ ಎಳೆದರೆ ಆ ಹುಡುಗನೂ ನಿಲ್ಲುತ್ತಾನೆ. ಚೀಲ ಕಾಯಲು ಮೇಷ್ಟ್ರುಗಳಿದ್ದಾರೆ.