ಹುಲಿಹೈದರದ ಒಲೆಯ ಮೇಲಿನ ನೀರು

ಕನಕಗಿರಿ ದಾಟಿ ಹುಲಿಹೈದರದ ಹಾದಿ ಹಿಡಿದರೆ ಗಂಗಾವತಿ ಸೀಮೆಯ ಕಾಲುವೆ, ಭತ್ತದ ಗದ್ದೆ ಹಿಂದೆ ಉಳಿಯುತ್ತವೆ. ಇಲ್ಲಿಂದ ಮಳೆ ನಂಬಿದ ಸಜ್ಜೆ, ತೊಗರಿಯ ಹೊಲಗಳು, ಕಲ್ಲುಗುಡ್ಡಗಳು, ಕೊಳವೆಬಾವಿಗಳು.

ಓಣಿಯ ನಳದ ಮುಂದೆ ಕೊಡಗಳ ಸಾಲಿದೆ. ಬೊಗಸೆಯಲ್ಲಿ ಹಿಡಿದರೆ ನೀರು ತಿಳಿ, ಬಣ್ಣವಿಲ್ಲ, ವಾಸನೆಯಿಲ್ಲ. ಕೊಪ್ಪಳ ಜಿಲ್ಲೆಯ ಕೊಳವೆಬಾವಿಗಳನ್ನು ಬಹುಕಾಲದಿಂದ ಕಾಡುತ್ತಿರುವ ಫ್ಲೋರೈಡ್ ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ಇದನ್ನು ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ. ಗ್ರಾನೈಟ್ ಬಂಡೆಯ ಖನಿಜಗಳಲ್ಲೇ ಅದು ಇದೆ. ನೀರು ಆಳದಲ್ಲಿ ವರ್ಷಗಟ್ಟಲೆ ಕಲ್ಲಿಗೆ ತಾಗಿ ನಿಂತಾಗ, ಅದರಲ್ಲೂ ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರದ ನೀರಾದಾಗ, ಹೆಚ್ಚು ಕರಗುತ್ತದೆ. ಮೇಲಿನ ನೀರು ಬತ್ತಿತೆಂದು ನಾವು ಕೊರೆಯುತ್ತ ಹೋದೆವು, ಆ ಹಳೆಯ ನೀರನ್ನು ಮೇಲೆತ್ತಿದೆವು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ.

ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಏಳಲು ಗೋಡೆ ಹಿಡಿದರು. "ಮೊಳಕಾಲ ಹಿಡ್ಕೊಂಡಾವ್ರೀ, ವಯಸ್ಸಾತಲ್ಲ" ಎಂದರು. ವಯಸ್ಸೇ ಇರಬಹುದು. ಆದರೆ ಇಂಥ ನೀರಿನ ಸೀಮೆಯಲ್ಲಿ ಕೀಲು, ಸೊಂಟ, ಕುತ್ತಿಗೆ ಬಿಗಿಯುವುದನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟರೆ ಫ್ಲೋರೈಡ್ ತರುವ ಕಾಯಿಲೆ ಕಾಣದೇ ಹೋಗುತ್ತದೆ.

ಹಲ್ಲಿನ ಕಂದು ಕಲೆ, ಬಾಗಿದ ಮೂಳೆ ಎಲ್ಲರಿಗೂ ಗೊತ್ತು. ಹಾರ್ಮೋನಿನ ಮಾತು ಮಾತ್ರ ಊರಿನತನಕ ಬಂದಿಲ್ಲ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು, ವಿಶಾಲ ಅರ್ಥದಲ್ಲಿ ಫ್ಲೋರೈಡ್ ಹಾರ್ಮೋನು ವ್ಯವಸ್ಥೆಯನ್ನು ಏರುಪೇರು ಮಾಡುವ ವಸ್ತುವೇ ಎಂದು ಹೇಳಿತು. ಥೈರಾಯ್ಡ್ ಗ್ರಂಥಿಯ ಮೇಲೆ ಅದರ ಪರಿಣಾಮ, ಅಯೋಡಿನ್ ಕೊರತೆಯಿದ್ದಲ್ಲಿ ಇನ್ನೂ ಜೋರು. 2024ರಲ್ಲಿ ಅಲ್ಲಿನದೇ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟಿದೆ ಎಂದಿತು. ಹಾಗಾಗಿ ನನಗೆ ಇಲ್ಲಿ ಮೊದಲು ಚಿಂತೆಯಾಗುವುದು ಬಸುರಿಯರದು, ಎಳೆಯ ಮಕ್ಕಳದು.

ಒಂದು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ತಾಯಿಯನ್ನು ನೀರಿನ ಬಗ್ಗೆ ಕೇಳಿದೆ. "ಕುಡ್ಯಾಕ ಫಿಲ್ಟರ್ ನೀರ್ ತರ್ತೀವ್ರೀ, ಅಡಗಿಗೆಲ್ಲ ನಳದ್ದ" ಎಂದರು. ಅಷ್ಟು ಕಾಳಜಿ ಮಾಡುವ ಮನೆಯಲ್ಲೂ ತೂತು ಉಳಿದಿರುವುದು ಇಲ್ಲೇ. ಒಂದು ಕಿಲೋ ಅಕ್ಕಿ ಅನ್ನವಾಗಲು ಸುಮಾರು ಎರಡು ಲೀಟರ್ ನೀರು ಹೀರುತ್ತದೆ. ಬೇಳೆ, ಹಿಟ್ಟು ಬೇರೆ. ಚಹಾ ಪುಡಿಯಲ್ಲಿ ತನ್ನದೇ ಫ್ಲೋರೈಡ್ ಇದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಕೃಷ್ಣೆಯ ನೀರನ್ನು ಇದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಗೆ ತರುವ ಬಹುಗ್ರಾಮ ಯೋಜನೆ ಹುಟ್ಟಿದ್ದಕ್ಕೆ ಫ್ಲೋರೈಡೂ ಒಂದು ಕಾರಣ. ಮನೆಮನೆಗೆ ನದಿನೀರು ನಿಯಮಿತವಾಗಿ ಬರುವ ತನಕ ಶುದ್ಧ ನೀರಿನ ಘಟಕವೇ ಆಸರೆ. ಅದರ ಸೋಸುವ ಪೊರೆ ಹಳತಾದರೆ ಯಂತ್ರ ಓಡುತ್ತಲೇ ಇರುತ್ತದೆ, ನೀರು ಶುದ್ಧವಾಗಿರುವುದಿಲ್ಲ.

ಓಣಿಯ ತಾಯಂದಿರೇ, ನಾಳೆಯಿಂದ ಘಟಕದಿಂದ ಒಂದು ಕೊಡ ಹೆಚ್ಚು ತನ್ನಿ. ಅನ್ನ, ಬೇಳೆ, ಚಹಾಕ್ಕೂ ಆ ನೀರನ್ನೇ ಬಳಸಿ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ನೀರಿನ ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆಯಿದೆ. ನಳದ ನೀರನ್ನೂ ಘಟಕದ ನೀರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಗೋಡೆಗೆ ಅಂಟಿಸಿರೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ.